ಬೌಲರನ ಕಾರ್ಡಿಗೆ ಬೆಲೆಯೇನು?

ಕ್ರಿಕೆಟ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಕೂಡಿಹಾಕುವುದು ಬಿ.ಎ. ತರಗತಿಯಲ್ಲಿ ಓದುವವರಿಗೆ ಒಪ್ಪುವ ಕೆಲಸವೇ ಎಂದು ನಮ್ಮ ಅಧ್ಯಾಪಕರೊಬ್ಬರು ಈಚೆಗೆ ನನ್ನನ್ನು ಕೇಳಿದರು. ಅವರು ಕೇಳಿದ್ದು ನಗುನಗುತ್ತಲೇ. ಆದರೆ ತರಗತಿಗೆ ತರಗತಿಯೇ ನಕ್ಕಿತು. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಸಂಜೆ ಮೆಟ್ರೋ ರೈಲು ವಿಜಯನಗರ ದಾಟಿ ಅತ್ತಿಗುಪ್ಪೆಗೆ ಬಂದಾಗ. ಅಷ್ಟು ತಡವಾಗಿ ಹೊಳೆದ ಉತ್ತರವನ್ನು ಮರುದಿನ ಅವರ ಮುಂದೆ ಹೋಗಿ ಒಪ್ಪಿಸುವುದು ಮರ್ಯಾದೆಯಲ್ಲವೆಂದು ಈ ಸಂಚಿಕೆಯ ಸಂಪಾದಕರನ್ನು ಆಶ್ರಯಿಸಿದ್ದೇನೆ.

ಮೊದಲು ನನ್ನ ಪಕ್ಷವನ್ನು ಹೇಳಿಬಿಡುತ್ತೇನೆ. ಕಾರ್ಡು ಕೂಡಿಸುವುದು ಒಪ್ಪುವ ಕೆಲಸವೇ. ಒಪ್ಪದಿರುವುದು ಈಗ ಬಹುಮಂದಿ ಅದನ್ನು ಮಾಡುತ್ತಿರುವ ರೀತಿ. ಬ್ಯಾಟುಗಾರನ ಕಾರ್ಡನ್ನು ಅವರು ಹೊನ್ನಿನಂತೆ ಕಾಣುವರು, ಬೌಲರನದನ್ನು ಚಿಲ್ಲರೆಯಂತೆ. ಇನ್ನು, ಕಾರ್ಡಿನ ಹಿಂದೆ ಯಾರಾದರೂ ಮಸಿಯಿಂದ ಒಂದೆರಡು ಮಾತು ಬರೆದಿದ್ದರೆ ಅದು ಕೆಟ್ಟುಹೋಯಿತೆಂದು ಬದಿಗಿಡುವರು. ಇವೆರಡೂ ತಪ್ಪೆಂಬುದು ನನ್ನ ವಾದ.

ವಾದ ಹುಟ್ಟಿದ್ದು ಒಂದು ಬಿಸ್ಕತ್ತಿನ ಡಬ್ಬಿಯಿಂದ. ರಾಜಾಜಿನಗರದಲ್ಲಿ ನನ್ನ ಸೋದರಮಾವನವರ ಮನೆ ಇದೆ. ತಾತ ಬಿನ್ನಿ ಮಿಲ್ಲಿನಲ್ಲಿ ಕೆಲಸದಲ್ಲಿದ್ದಾಗ ಕಟ್ಟಿಸಿದ್ದು. ಅದನ್ನು ಕೆಡವಿ ಹೊಸದು ಎಬ್ಬಿಸಬೇಕೆಂದು ಅಟ್ಟ ಖಾಲಿ ಮಾಡುವಾಗ ಈ ಡಬ್ಬಿ ಕೆಳಗಿಳಿಯಿತು. ಅತ್ತೆ ಅದನ್ನು ಹಳೆ ಪೇಪರಿನವನ ತಕ್ಕಡಿಗೆ ಹಾಕುವುದರಲ್ಲಿದ್ದರು. ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿದ್ದರಿಂದ, ಒಳಗೆ ಒಡವೆಯೇನಾದರೂ ಇದ್ದೀತೆಂದು ಅನುಮಾನ ಬಂದು ನನ್ನನ್ನು ಕರೆದರು. ಒಡವೆ ಇರಲಿಲ್ಲ. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡಿದ್ದ ಎರಡು ಕಟ್ಟುಗಳಿದ್ದವು.

ಒಂದು ಕಟ್ಟು ಮಾವನದು. ಅವರು ಹುಡುಗರಾಗಿದ್ದ ಕಾಲದಲ್ಲಿ, ಅಂದರೆ ೧೯೮೦-೯೦ರ ದಶಕಗಳಲ್ಲಿ, ಬಿಗ್ ಫನ್ ಎಂಬ ಬಬಲ್‌ಗಮ್ಮಿನೊಡನೆ ಆಟಗಾರರ ಚಿತ್ರದ ಕಾರ್ಡು ಬರುತ್ತಿತ್ತು. ಕಾರ್ಡಿನ ಮೇಲೆ ಇಷ್ಟು ರನ್ನು, ಇಷ್ಟು ವಿಕೆಟ್ಟು ಎಂದು ಅಚ್ಚಾಗಿರುತ್ತಿತ್ತು. ಅವನ್ನು ಕೂಡಿಸಿ ಅಂಗಡಿಗೆ ಒಪ್ಪಿಸಿದರೆ, ಹೆಬ್ಬೆರಳಿನಿಂದ ಪುಟ ಹಾರಿಸಿದಾಗ ಆಟಗಾರ ಚಲಿಸಿದಂತೆ ಕಾಣುವ ಕೈಯಗಲದ ಪುಸ್ತಕ ದೊರೆಯುತ್ತಿತ್ತು. ಗಮ್ಮನ್ನು ಅಗಿದವರು ಎಷ್ಟು ಮಂದಿಯೋ, ಕಾರ್ಡಿಗಾಗಿ ಕೊಂಡು ಉಗಿದವರು ಎಷ್ಟು ಮಂದಿಯೋ!

ಈ ಉಪಾಯ ನಮ್ಮ ದೇಶದವರದಲ್ಲ. ಸಿಗರೇಟಿನ ಪೊಟ್ಟಣ ನಲುಗದಿರಲೆಂದು ಒಳಗೆ ಇಡುತ್ತಿದ್ದ ರಟ್ಟಿನ ತುಂಡಿನ ಮೇಲೆ ಚಿತ್ರ ಅಚ್ಚು ಹಾಕುವುದನ್ನು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿಯೇ ಪರದೇಶದ ವರ್ತಕರು ಕಲಿತಿದ್ದರು. ಇಂಗ್ಲೆಂಡಿನ ವಿಲ್ಸ್ ಕಂಪೆನಿ ೧೮೯೬ರಲ್ಲಿ ೫೦ ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಹೊರಡಿಸಿತು. ಅಮೆರಿಕದಲ್ಲಿ ಇದೇ ಕೆಲಸ ಬೇಸ್‌ಬಾಲಿಗೆ ನಡೆಯಿತು. ನಮ್ಮ ಬೌಲರನ ಸ್ಥಾನದಲ್ಲಿ ಆ ಆಟದಲ್ಲಿರುವವನು ಪಿಚರ್. ಅಲ್ಲಿ ಚೆಂಡು ನೆಲಕ್ಕೆ ತಗಲುವುದಿಲ್ಲವೆಂಬುದೊಂದು ಭೇದ. ಆ ದೇಶದಲ್ಲಿ ಹಳೆಯ ಕಾರ್ಡಿಗೆ ಈಗ ಬಂದಿರುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ೧೯೦೯ರಿಂದ ೧೯೧೧ರವರೆಗೆ ತಂಬಾಕಿನೊಡನೆ ಬಂದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೊಂದು ೨೦೨೨ರಲ್ಲಿ ೭೨.೫ ಲಕ್ಷ ಡಾಲರಿಗೆ ಮಾರಿಹೋಯಿತು. ಅದೇ ತಿಂಗಳು ಮಿಕ್ಕಿ ಮ್ಯಾಂಟಲ್ ಎಂಬುವನ ೧೯೫೨ರ ಕಾರ್ಡಿಗೆ ೧ ಕೋಟಿ ೨೬ ಲಕ್ಷ ಡಾಲರ್ ಬಂತು. ತಮಾಷೆಯೆಂದರೆ, ಆ ೧೯೫೨ರ ಸರಣಿಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು ೧೯೬೦ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವೆಂದು ಕಂಪೆನಿಯವರೇ ಹೇಳಿಕೊಂಡಿದ್ದಾರೆ.

ವ್ಯಾಗ್ನರನಾಗಲಿ ಮ್ಯಾಂಟಲನಾಗಲಿ ಪಿಚರ್ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವ್ಯಾಗ್ನರನ ಸರಣಿಯಲ್ಲಿಯೇ ಎಡ್ಡಿ ಪ್ಲ್ಯಾಂಕ್ ಎಂಬ ಎಡಗೈ ಪಿಚರ್ ಇದ್ದಾನೆ. ಅವನ ಕಾರ್ಡೂ ಅತಿ ವಿರಳ. ಸೈ ಯಂಗ್ ಇದ್ದಾನೆ. ೫೧೧ ಆಟಗಳನ್ನು ಗೆಲ್ಲಿಸಿಕೊಟ್ಟವನು, ಪಿಚರುಗಳಿಗೆ ಪ್ರತಿವರ್ಷ ಕೊಡುವ ಬಹುಮಾನಕ್ಕೆ ೧೯೫೬ರಿಂದ ಅವನದೇ ಹೆಸರು. ಆದರೂ ಹರಾಜಿನಲ್ಲಿ ಎಲ್ಲರ ಕಣ್ಣು ಬೀಳುವುದು ದೊಣ್ಣೆ ಹಿಡಿದವರ ಮೇಲೆ. ಚೆಂಡು ಎಸೆಯುವವನನ್ನು ಕೂಲಿಯವನಂತೆ ಕಾಣುವುದು ನಮ್ಮ ಊರಿನ ದೋಷವೊಂದೇ ಅಲ್ಲವೆಂದು ಇದರಿಂದ ಸ್ವಲ್ಪ ಸಮಾಧಾನ ಪಡಬಹುದು.

ನಮ್ಮಲ್ಲಿ ಈ ದೋಷವನ್ನು ಮಕ್ಕಳಿಗೆ ಕಲಿಸಿದ್ದು ಟ್ರಂಪ್ ಕಾರ್ಡಿನ ಆಟ. ಕಾರ್ಡಿನಲ್ಲಿ ಆಡಿದ ಪಂದ್ಯ, ಹೊಡೆದ ರನ್ನು, ಅತ್ಯಧಿಕ ಮೊತ್ತ, ಪಡೆದ ವಿಕೆಟ್ಟು, ಹಿಡಿದ ಕ್ಯಾಚು ಎಂದು ಪಟ್ಟಿ ಇರುತ್ತದೆ. ಒಬ್ಬ ಒಂದನ್ನು ಕೂಗಬೇಕು. ಯಾರ ಸಂಖ್ಯೆ ದೊಡ್ಡದೋ ಅವನು ಇನ್ನೊಬ್ಬನ ಕಾರ್ಡನ್ನು ಗೆದ್ದುಕೊಳ್ಳುವನು. ಪಟ್ಟಿಯ ಬಹುಭಾಗ ಬ್ಯಾಟುಗಾರನಿಗೆ ಅನುಕೂಲ. ಬೌಲರನ ಕಾರ್ಡು ಕೈಗೆ ಬಂದವನು ‘ವಿಕೆಟ್ಟು’ ಎಂದು ಕೂಗುವ ಸರದಿ ತನಗೆ ಬರಲೆಂದು ದೇವರನ್ನು ಬೇಡಬೇಕು. ಭಾಗವತ್ ಚಂದ್ರಶೇಖರರನ್ನು ಈ ಆಟಕ್ಕೆ ಇಳಿಸಿದರೆ ಏನಾದೀತು, ಯೋಚಿಸಿ. ೫೮ ಟೆಸ್ಟುಗಳಲ್ಲಿ ಅವರು ಹೊಡೆದ ರನ್ನು ಒಟ್ಟು ೧೬೭. ಯಾವ ಪೋರನ ಕಾರ್ಡೂ ಅವರನ್ನು ಗೆದ್ದುಕೊಂಡು ಹೋಗುತ್ತದೆ. ಅವರು ಪಡೆದ ವಿಕೆಟ್ಟು ೨೪೨. ರನ್ನಿಗಿಂತ ವಿಕೆಟ್ಟೇ ಹೆಚ್ಚು. ಇದಕ್ಕಿಂತ ಸೊಗಸಾದ ಲೆಕ್ಕ ಕ್ರಿಕೆಟ್ಟಿನಲ್ಲಿ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ.

ಎರಡನೆಯ ಕಟ್ಟು ತಾತನದು. ತಾತನ ಕಾಲದಲ್ಲಿ ಗಮ್ಮಿನ ಕಾರ್ಡು ಇರಲಿಲ್ಲ. ಅವರು ಕಾರ್ಡನ್ನು ತಾವೇ ಮಾಡಿಕೊಂಡಿದ್ದರು. ಮದುವೆಯ ಲಗ್ನಪತ್ರಿಕೆಯ ಗಟ್ಟಿ ಕಾಗದವನ್ನು ಅಂಗೈಯಷ್ಟು ಅಗಲಕ್ಕೆ ಕತ್ತರಿಸಿ, ವೃತ್ತಪತ್ರಿಕೆಯ ಚಿತ್ರವನ್ನು ಮೈದಾ ಅಂಟಿನಿಂದ ಅದರ ಮೇಲೆ ಅಂಟಿಸಿ, ಹಿಂಬದಿಯಲ್ಲಿ ಮಸಿಪೆನ್ನಿನಿಂದ ಬರೆದಿದ್ದಾರೆ. ಕೆಲವುದರ ಹಿಂದೆ ‘ಚಿ||ಸೌ||’ ಎಂಬ ಅಚ್ಚಕ್ಷರ ಇನ್ನೂ ಅರ್ಧ ಉಳಿದಿದೆ. ಯಾರ ಮದುವೆಯೋ! ಒಟ್ಟು ಮೂವತ್ತೊಂದು ಕಾರ್ಡು. ಅದರಲ್ಲಿ ಇಪ್ಪತ್ತಾರು ಬೌಲರುಗಳವು. ತಾತನಿಗೆ ಬೌಲರುಗಳ ಮೇಲೆ ಈ ಪಕ್ಷಪಾತ ಏಕೆಂದು ಮಾವನನ್ನು ಕೇಳಿದೆ. “ಮಿಲ್ಲಲ್ಲಿ ಕೆಲ್ಸ ಮಾಡೋರಮ್ಮ ಅವ್ರು. ದಿನಪೂರ್ತಿ ಒಂದೇ ಕೆಲ್ಸ ಮತ್ತೆ ಮತ್ತೆ ಮಾಡೋರನ್ನ ಕಂಡ್ರೆ ಅವ್ರಿಗೆ ಇಷ್ಟ” ಎಂದರು ಮಾವ.

ಚಂದ್ರಶೇಖರರ ಕಾರ್ಡು ಅದರಲ್ಲಿ ಮೇಲಿನದು. ಚಿತ್ರ ಮಸುಕಾಗಿದೆ; ಹಳೆಯ ಪತ್ರಿಕೆಯ ಅಚ್ಚು, ಬರೀ ಚುಕ್ಕೆಗಳು. ಆದರೆ ಬಲಗೈಯ ತೋಳಿನ ಗುಂಡಿಯನ್ನು ಮಣಿಕಟ್ಟಿನವರೆಗೂ ಹಾಕಿರುವುದು ಸ್ಪಷ್ಟವಾಗಿದೆ. ಮೈಸೂರಿನಲ್ಲಿ ೧೯೪೫ರಲ್ಲಿ ಹುಟ್ಟಿದ ಅವರಿಗೆ ಎಳೆವಯಸ್ಸಿನಲ್ಲಿ ಪೋಲಿಯೋ ತಗಲಿ ಆ ಕೈ ಸಣ್ಣದಾಯಿತು. ದೂರದಿಂದ ಚೆಂಡು ಎಸೆಯಬೇಕಾದರೆ ಎಡಗೈ ಬಳಸುತ್ತಿದ್ದರು. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಿಂದಲೇ. ಅದರಿಂದ ಹೊರಟ ಚೆಂಡು ವೇಗದ ಬೌಲರನ ಚೆಂಡಿನಂತೆ ಚಿಮ್ಮುತ್ತಿತ್ತು. ಕಾರ್ಡಿನ ಹಿಂದೆ ತಾತ ಬರೆದದ್ದು ಇಷ್ಟು: ‘೨೩-೮-೭೧. ರೇಡಿಯೋ. ೩೮ಕ್ಕೆ ೬. ಇಂಗ್ಲೆಂಡ್ ೧೦೧. ರಾತ್ರಿ ಪಾಳಿಗೆ ತಡ.’

ಓವಲ್ ಮೈದಾನದ ಆ ಪಂದ್ಯವನ್ನು ಭಾರತ ಮರುದಿನ ನಾಲ್ಕು ವಿಕೆಟ್ಟುಗಳಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು. ಮರುದಿನ ಗಣೇಶ ಚತುರ್ಥಿ; ಮೈದಾನಕ್ಕೆ ಮೃಗಾಲಯದಿಂದ ಒಂದು ಆನೆಯನ್ನೇ ಕರೆತಂದಿದ್ದರು. ಇದೆಲ್ಲ ಪುಸ್ತಕಗಳಲ್ಲಿದೆ. ಆದರೆ ಆ ಆರು ವಿಕೆಟ್ಟುಗಳಿಂದಾಗಿ ಬೆಂಗಳೂರಿನ ಬಟ್ಟೆ ಗಿರಣಿಯ ಒಬ್ಬ ಕೆಲಸಗಾರ ಪಾಳಿಗೆ ತಡವಾಗಿ ಹೋದನೆಂಬುದು ಯಾವ ಪುಸ್ತಕದಲ್ಲಿದೆ? ನಮ್ಮ ಇತಿಹಾಸದ ತರಗತಿಯಲ್ಲಿ ಶಾಸನವೊಂದರ ಅರ್ಧ ಸಾಲಿಗಾಗಿ ಒಂದು ಗಂಟೆ ಚರ್ಚೆ ನಡೆಯುತ್ತದೆ. ಈ ಒಂದೂವರೆ ಸಾಲಿಗೆ ಐದು ನಿಮಿಷವಾದರೂ ಸಲ್ಲಬೇಡವೆ?

ಈಗ ವರ್ತಕರ ವಿಚಾರಕ್ಕೆ ಬರುತ್ತೇನೆ. ಮನೆ ಕಟ್ಟುವ ಖರ್ಚಿಗೆ ಹನಿಯಷ್ಟಾದರೂ ಆಗಲೆಂದು ಮಾವ, ಹಳೆಯ ಕಾರ್ಡು ಕೊಳ್ಳುವವರೊಬ್ಬರನ್ನು ಮನೆಗೆ ಕರೆಸಿದರು. ಆತ ಬಹಳ ಸಭ್ಯರು. ಬಿಳಿಯ ಕೈಚೀಲ ತೊಟ್ಟು ಕಾರ್ಡುಗಳನ್ನು ಎರಡು ರಾಶಿ ಮಾಡಿದರು. “ಸಾರ್, ಈ ಬ್ಯಾಟ್ಸ್‌ಮನ್‌ಗಳದ್ದು ತೊಗೊಳ್ತೀನಿ. ಬೌಲರ್‌ಗಳದ್ದು ಸುಮ್ನೆ ಜೊತೆಗೆ ಕೊಟ್ಬಿಡಿ” ಎಂದರು. ತಾತನ ಕಟ್ಟನ್ನು ಎರಡು ಬೆರಳಿನಿಂದ ಎತ್ತಿ, “ಇದು ಪೇಪರ್ ಕಟಿಂಗು. ಹಿಂದೆ ಪೆನ್ನಲ್ಲಿ ಬೇರೆ ಬರೆದುಬಿಟ್ಟಿದಾರೆ, ಡ್ಯಾಮೇಜು” ಎಂದು ಬದಿಗಿಟ್ಟರು. ಗಮ್ಮಿನ ಕಾರ್ಡುಗಳಲ್ಲಿ ಒಂದೇ ಒಂದಕ್ಕೆ, ಆಗ ಎಲ್ಲರ ಬಾಯಲ್ಲಿದ್ದ ಬ್ಯಾಟುಗಾರನೊಬ್ಬನದಕ್ಕೆ, ಒಳ್ಳೆಯ ಬೆಲೆ ಹೇಳಿದರು. ಅತ್ತೆಯ ಮುಖ ಅರಳಿತು. ಮಾವನ ಮುಖ ಮಾತ್ರ ಬಾಡಿತು. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ಬ್ಯಾಟುಗಾರನ ಕಾರ್ಡಿಗೆ ಬೆಲೆ ಹೆಚ್ಚೆಂಬುದಕ್ಕೆ ನ್ಯಾಯವಾದ ಕಾರಣವೂ ಇದೆಯೆಂದು ಒಪ್ಪುತ್ತೇನೆ. ಬ್ಯಾಟುಗಾರನ ಚಿತ್ರ ನೋಡಲು ಚೆನ್ನ. ಹೊಡೆತವೆಂಬುದು ಒಂದು ನಿಲುವು. ಗುಂಡಪ್ಪ ವಿಶ್ವನಾಥರು ಚೆಂಡನ್ನು ಕಟ್ ಮಾಡುವ ಚಿತ್ರವೊಂದು ಸಿಕ್ಕಿದರೆ ಆಟ ಅಲ್ಲಿಯೇ ಇದೆ. ಬೌಲರನ ಚಿತ್ರದಲ್ಲಿ ಆಟ ಇನ್ನೂ ಆಗಿಲ್ಲ. ಕೈ ಮೇಲೆತ್ತಿದ್ದಾನೆ, ಹಲ್ಲು ಕಚ್ಚಿದ್ದಾನೆ, ಒಂದು ಕಾಲು ಗಾಳಿಯಲ್ಲಿದೆ. ಚೆಂಡು ಎಲ್ಲಿ ಬಿತ್ತು, ತಿರುಗಿತೋ ಇಲ್ಲವೋ, ಎದುರಿನವನು ಏನಾದ, ಒಂದೂ ತಿಳಿಯದು. ಅನಿಲ್ ಕುಂಬ್ಳೆಯವರ ಚಿತ್ರದಲ್ಲಂತೂ ತಿರುಗುವ ಚೆಂಡಿನ ಸುಳಿವೇ ಇಲ್ಲ. ಅವರನ್ನು ನೋಡಿದವರು ಅದು ಮೈದಾನದಲ್ಲಿಯೂ ಹಾಗೆಯೇ ಇತ್ತೆನ್ನುವರು! ಆದರೂ ೧೩೨ ಟೆಸ್ಟುಗಳಲ್ಲಿ ೬೧೯ ವಿಕೆಟ್ಟು. ಆದ್ದರಿಂದಲೇ ಬೌಲರನ ಕಾರ್ಡಿಗೆ ಹಿಂಬದಿ ಬೇಕು, ಹಿಂಬದಿಯಲ್ಲಿ ಬರವಣಿಗೆ ಬೇಕು. ಚಿತ್ರದಲ್ಲಿ ಇಲ್ಲದ ಅರ್ಧವನ್ನು ನೋಡಿದವನು ಬರೆದು ತುಂಬಬೇಕು. ತಾತ ಮಾಡಿದ್ದು ಇದನ್ನೇ. ಇದನ್ನು ‘ಡ್ಯಾಮೇಜು’ ಎನ್ನುವವರಿಗೆ ಕಾಗದದ ಅಂಚು ಗೊತ್ತು, ಆಟ ಗೊತ್ತಿಲ್ಲ.

ಕುಂಬ್ಳೆಯವರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಹೋಗುವಾಗ ಸಿಕ್ಕುವ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ಅವರು; ಮನೆತನದ ಹೆಸರು ಕಾಸರಗೋಡು ಸೀಮೆಯ ಕುಂಬಳೆ ಊರಿನದು. ಜಾವಗಲ್ ಶ್ರೀನಾಥರೂ ಇಂಜಿನಿಯರೇ. ಇವರಿಬ್ಬರಿಗಿಂತ ಹಿಂದೆಯೇ ಎರಪಳ್ಳಿ ಪ್ರಸನ್ನರು ೧೯೬೨ರ ವೆಸ್ಟ್ ಇಂಡೀಸ್ ಪ್ರವಾಸದಿಂದ ಬಂದು, ಇಂಜಿನಿಯರಿಂಗ್ ಪದವಿಗಾಗಿ ಟೆಸ್ಟ್ ಕ್ರಿಕೆಟ್ಟಿನಿಂದ ಸುಮಾರು ಐದು ವರ್ಷ ದೂರವಿದ್ದರು. ಕರ್ನಾಟಕದ ಬೌಲರುಗಳಿಗೂ ಇಂಜಿನಿಯರಿಂಗಿಗೂ ಇರುವ ಈ ನಂಟಿನ ಬಗ್ಗೆ ವಿಜ್ಞಾನದ ಮಿತ್ರರು ಬೇಕಾದಷ್ಟು ಹೆಮ್ಮೆ ಪಡಲಿ. ಕಲಾ ವಿಭಾಗದವರಾದ ನಮಗೆ ಕಾರ್ಡು ಕೂಡಿಸುವ ಕೆಲಸವಾದರೂ ಉಳಿಯಲಿ.

ಕಾರ್ಡೇ ಇಲ್ಲದವರ ಗತಿಯೇನು ಎಂಬುದನ್ನೂ ಯೋಚಿಸಬೇಕು. ರಘುರಾಮ್ ಭಟ್ಟರು ಆಡಿದ್ದು ಎರಡೇ ಟೆಸ್ಟು, ೧೯೮೩ರಲ್ಲಿ. ಆದರೆ ೧೯೮೧-೮೨ರ ರಣಜಿ ಸೆಮಿಫೈನಲಿನಲ್ಲಿ, ನಮ್ಮ ಚಿನ್ನಸ್ವಾಮಿ ಮೈದಾನದಲ್ಲಿ, ಅವರ ಎಡಗೈ ಸ್ಪಿನ್ನನ್ನು ತಡೆಯಲು ಸುನಿಲ್ ಗವಾಸ್ಕರರು ಬಲಗೈ ಬಿಟ್ಟು ಎಡಗೈಯಲ್ಲಿ ಬ್ಯಾಟು ಹಿಡಿದರು. ಲೋಕದಲ್ಲಿ ಯಾವ ವೇಗದ ಬೌಲರನಿಗೂ ಸಲ್ಲದ ಗೌರವ ಅದು. ಅವರ ಕಾರ್ಡು ಮಾವನ ಕಟ್ಟಿನಲ್ಲಿ ಇಲ್ಲ, ತಾತನ ಕಟ್ಟಿನಲ್ಲಿದೆ. ಹಿಂದೆ ‘ಸನ್ನಿ ಎಡಗೈ!!’ ಎಂದು ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದಾರೆ. ಹೆಂಗಸರ ಕಾರ್ಡಂತೂ ಎರಡು ಕಟ್ಟಿನಲ್ಲಿಯೂ ಒಂದೇ ಒಂದೂ ಇಲ್ಲ. ತಾತನ ಪ್ರೀತಿಯ ಮೊಮ್ಮಗಳಾಗಿ ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ವಿಜಯಪುರದ ರಾಜೇಶ್ವರಿ ಗಾಯಕ್‌ವಾಡ್ ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ಟುಗಳನ್ನು ೧೫ ರನ್ನಿಗೆ ಪಡೆದರು. ನನ್ನ ಅಕ್ಕನ ಲಗ್ನಪತ್ರಿಕೆಯ ಹಿಂಬದಿಗೆ ಆಕೆಯ ಚಿತ್ರ ಅಂಟಿಸಿ ಡಬ್ಬಿಗೆ ಸೇರಿಸಿದ್ದೇನೆ. ಮೈದಾ ಅಂಟು ಕಾಯಿಸುವುದನ್ನು ಅತ್ತೆಯೇ ಹೇಳಿಕೊಟ್ಟರು.

ಮಾವನ ಮುಖ ಬಾಡಿದ ಕಾರಣವನ್ನು ಹೇಳುವುದಾಗಿ ಬರೆದಿದ್ದೆ. ತಾತನ ಕಟ್ಟಿನಲ್ಲಿ ಪ್ರಸನ್ನರ ಕಾರ್ಡು ಇಲ್ಲ. ೪೯ ಟೆಸ್ಟುಗಳಲ್ಲಿ ೧೮೯ ವಿಕೆಟ್ಟು ಪಡೆದವರು. ೧೯೬೭-೬೮ರ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಪ್ರವಾಸವೊಂದರಲ್ಲೇ ೮ ಟೆಸ್ಟುಗಳಿಂದ ೪೯ ವಿಕೆಟ್ಟು. ಮುಂಬಯಿಯವರು ಹದಿನೈದು ವರ್ಷ ಬಿಡದೆ ಹಿಡಿದಿದ್ದ ರಣಜಿ ಟ್ರೋಫಿಯನ್ನು ೧೯೭೩-೭೪ರಲ್ಲಿ ಬಿಡಿಸಿಕೊಂಡ ತಂಡದ ನಾಯಕರು. ಚಂದ್ರಶೇಖರರ ಕಾರ್ಡು ಇಟ್ಟ ಮನುಷ್ಯ ಪ್ರಸನ್ನರನ್ನು ಬಿಟ್ಟಿರಲು ಸಾಧ್ಯವೆ? ಈ ಪ್ರಶ್ನೆಯನ್ನು ವರ್ತಕರು ಹೊರಟುಹೋದ ಮೇಲೆ ಮಾವನ ಮುಂದಿಟ್ಟೆ.

ಬಿಟ್ಟಿರಲಿಲ್ಲ. ಮಾವ ಏಳನೆಯ ತರಗತಿಯಲ್ಲಿದ್ದಾಗ, ಸಹಪಾಠಿಯೊಬ್ಬನ ಬಳಿ ಇದ್ದ ಬ್ಯಾಟುಗಾರನ ಗಮ್ಮಿನ ಕಾರ್ಡಿಗೆ ಆಸೆಪಟ್ಟರು. ಆ ಹುಡುಗ ಮಾವನ ಬೌಲರುಗಳು ಯಾರನ್ನೂ ಒಪ್ಪಲಿಲ್ಲ. ಅವನ ತಂದೆಗೆ ಪ್ರಸನ್ನರೆಂದರೆ ಪ್ರಾಣವಂತೆ. ಮಾವ ತಾತನ ಕಟ್ಟಿನಿಂದ ಪ್ರಸನ್ನರನ್ನು ತೆಗೆದುಕೊಟ್ಟು ಬ್ಯಾಟುಗಾರನನ್ನು ತಂದರು. ವಾರ ಕಳೆದ ಮೇಲೆ ತಾತ, “ಪ್ರಸನ್ನ ಎಲ್ಲೋ?” ಎಂದು ಕೇಳಿದರಂತೆ. “ಗೊತ್ತಿಲ್ಲಪ್ಪ” ಎಂದರಂತೆ ಮಾವ. ತಾತ ಮತ್ತೆ ಕೇಳಲಿಲ್ಲ. ಮತ್ತೆ ಒಂದು ಕಾರ್ಡನ್ನೂ ಮಾಡಲಿಲ್ಲ. ಡಬ್ಬಿಯ ತಳದಲ್ಲಿ ೧೯೯೯ರ ಫೆಬ್ರವರಿ ೮ರ ಪತ್ರಿಕೆಯ ಒಂದು ತುಂಡು ನಾಲ್ಕು ಮಡಿಕೆಯಾಗಿ ಬಿದ್ದಿದೆ. ದೆಹಲಿಯ ಕೋಟ್ಲಾ ಮೈದಾನದಲ್ಲಿ ಹಿಂದಿನ ದಿನ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ೭೪ ರನ್ನಿಗೆ ಪಡೆದ ಸುದ್ದಿ ಅದು. ಕತ್ತರಿಸಿದ್ದಾರೆ, ಅಂಟಿಸಿಲ್ಲ. ಮಾವ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ವರ್ತಕರು ಒಳ್ಳೆಯ ಬೆಲೆ ಹೇಳಿದ್ದು ಆ ಬ್ಯಾಟುಗಾರನ ಕಾರ್ಡಿಗೇ.

ಹಣ ಬರುವುದಾದರೆ ಒಂದು ಕಾರ್ಡನ್ನು ಮಾರಿದರೇನು ತಪ್ಪೆಂದು ಅತ್ತೆ ಕೇಳುವರು. ಸಿಮೆಂಟಿನ ಬೆಲೆ ತಿಳಿದವರು ಅವರು. ಅವರ ಮಾತನ್ನು ತಳ್ಳಿಹಾಕಲಾರೆ. ನನ್ನ ಉತ್ತರ ಇಷ್ಟೆ: ಆ ಕಾರ್ಡು ನಮ್ಮದಾಗಿರುವುದು ಸಾಲದ ರೂಪದಲ್ಲಿ. ಅದರ ಬದಲಿಗೆ ಹೋದದ್ದು ತಿರುಗಿ ಬರುವ ಸಂಭವ ಇರುವತನಕ ಅದನ್ನು ಮೂರನೆಯವರಿಗೆ ಮಾರುವ ಹಕ್ಕು ನಮಗಿಲ್ಲ. ಈ ಮಾತಿಗೆ ಅತ್ತೆ, “ವಕೀಲಿ ಓದಮ್ಮ ನೀನು” ಎಂದರು. ಮಾವ ಏನೂ ಹೇಳದೆ ಕಾರ್ಡನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

ನಮ್ಮ ಕಾಲೇಜಿಗೆ ಬಸವೇಶ್ವರನಗರ, ವಿಜಯನಗರ, ಮಾಗಡಿ ರಸ್ತೆ, ಕೆಂಗೇರಿಗಳಿಂದ ಬರುವವರು ಎಷ್ಟೋ ಮಂದಿ. ನಿಮ್ಮ ಮನೆಯ ಅಟ್ಟದಲ್ಲಿ, ತಂದೆಯವರ ಹಳೆಯ ಪುಸ್ತಕದ ನಡುವೆ, ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿದ ಪ್ರಸನ್ನರ ಚಿತ್ರವೊಂದು ಇದ್ದರೆ ಹಿಂಬದಿ ತಿರುಗಿಸಿ ನೋಡಿ. ನೀಲಿ ಮಸಿಯಲ್ಲಿ ಬಲಕ್ಕೆ ಬಾಗಿದ ಅಕ್ಷರಗಳಿರಬೇಕು. ‘ರೇಡಿಯೋ’ ಎಂಬ ಮಾತು ಇದ್ದೇ ಇರುತ್ತದೆ. ಅದನ್ನು ಸಂಪಾದಕರ ಬಳಿ ತಂದುಕೊಟ್ಟರೆ ಬ್ಯಾಟುಗಾರನ ಕಾರ್ಡನ್ನು, ಗೀರು ಸಹ ಬೀಳದಂತೆ, ಹಿಂದಕ್ಕೆ ಕೊಡುತ್ತೇವೆ. ಮಾವ ಒಪ್ಪಿದ್ದಾರೆ.